ಜಂತ್ರ ಬಾಗಿಲ ಕಾವಲು: ಅಘನಾಶಿನಿಯ ಗಜನಿಯಲ್ಲಿ ನನ್ನ ಅನುಭವ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲಿಗೆ ಸೇರುವ ಮುನ್ನ ಹರಡಿಕೊಳ್ಳುವ ಹಿನ್ನೀರಿನ ದಂಡೆಯಲ್ಲಿ ನಮ್ಮ ಮನೆತನಕ್ಕೆ ಎರಡು ಎಕರೆ ಹತ್ತು ಗುಂಟೆ ಗಜನಿ ಇದೆ. ಘಟ್ಟದ ಮೇಲಿನವರಿಗೆ ಈ ಮಾತು ಹೊಸದಿರಬಹುದು. ಉಬ್ಬರದ ಉಪ್ಪು ನೀರು ನುಗ್ಗದಂತೆ ಮಣ್ಣಿನ ಕಟ್ಟೆ ಹಾಕಿ, ನೀರನ್ನು ಬಿಡಲು, ತಡೆಯಲು ಅದಕ್ಕೊಂದು ಜಂತ್ರ ಬಾಗಿಲು ಇಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತವನ್ನೂ ಉಳಿದ ತಿಂಗಳುಗಳಲ್ಲಿ ಮೀನು, ಶೆಟ್ಲಿ (ಸಿಗಡಿ)ಗಳನ್ನೂ ಬೆಳೆಯುವ ತಗ್ಗು ಭೂಮಿಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಹದಿನಾಲ್ಕು ವರ್ಷ ಪಾಳು ಬಿದ್ದಿದ್ದ ಈ ಭೂಮಿಯನ್ನು 2012ರಿಂದ ನೆರೆಯ ಮನೆಗಳವರೊಂದಿಗೆ ಸೇರಿ ಮತ್ತೆ ಸಾಗುವಳಿಗೆ ತಂದ ಬಗೆಯನ್ನು, ಅದರಲ್ಲಿ ಆದ ತಪ್ಪುಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನದಿಯ ವಿಷಯ ಹೇಳಬೇಕು, ಏಕೆಂದರೆ ಗಜನಿಯ ಎಲ್ಲ ಲೆಕ್ಕವೂ ನದಿಯ ಮೇಲೆಯೇ ನಿಂತಿದೆ. ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವಿನ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ಹೀಗಾಗಿ ಮಳೆಗಾಲದ ಸಿಹಿನೀರು, ಕಾಡಿನ ತರಗೆಲೆಯ ಸತ್ವ, ಹೂಳು ಎಲ್ಲವೂ ತಮ್ಮ ಕಾಲಕ್ಕೆ ಸರಿಯಾಗಿ ಕೆಳಗೆ ಬರುತ್ತವೆ. ಜುಲೈನಲ್ಲಿ ನಮ್ಮ ಕಟ್ಟೆಯ ಹೊರಗಿನ ನೀರನ್ನು ಬಾಯಿಗೆ ಹಾಕಿಕೊಂಡರೆ ಉಪ್ಪೇ ತಿಳಿಯುವುದಿಲ್ಲ. ಏಪ್ರಿಲ್ ಕೊನೆಗೆ ಅದೇ ಜಾಗದ ನೀರು ಕಡಲ ನೀರಿನ ಹತ್ತಿರಕ್ಕೆ ಹೋಗಿರುತ್ತದೆ. ಈ ಏರಿಳಿತವನ್ನು ಅನುಸರಿಸಿಯೇ ಭತ್ತ, ಮೀನು, ಬಳಚು ಎಂಬ ಚಿಪ್ಪುಜೀವಿ, ಕಾಂಡ್ಲಾ ಎಂಬ ಉಪ್ಪುನೀರಿನ ಮರಗಳು ಎಲ್ಲವೂ ತಮ್ಮ ತಮ್ಮ ಋತುವನ್ನು ಹಂಚಿಕೊಂಡಿವೆ. ಗಜನಿ ಮಾಡುವವನು ಈ ಹಂಚಿಕೆಯನ್ನು ಕೆಡಿಸದಂತೆ ಬಾಗಿಲನ್ನು ತೆಗೆಯಬೇಕು, ಮುಚ್ಚಬೇಕು. ಕೆಲಸದ ಮುಖ್ಯ ಭಾಗ ಇಷ್ಟೇ ಆದರೂ, ಇದನ್ನು ಕಲಿಯುವುದಕ್ಕೆ ನನಗೆ ಅನೇಕ ವರ್ಷಗಳು ಬೇಕಾದವು.

ನನ್ನ ತಂದೆಯ ಕಾಲದಲ್ಲಿ ಕಟ್ಟೆಯನ್ನು ಊರವರೇ ಸೇರಿ ಪ್ರತಿ ಬೇಸಿಗೆಯಲ್ಲಿ ದುರಸ್ತಿ ಮಾಡುತ್ತಿದ್ದರು. 1970ರ ದಶಕದಲ್ಲಿ ಉಪ್ಪುನೀರು ತಡೆಯುವ ಸರಕಾರದ ಖಾರ್‌ಲ್ಯಾಂಡ್ ಒಡ್ಡುಗಳು ಬಂದವು. ಕಲ್ಲು ಕಟ್ಟಿದ ಎತ್ತರದ ಒಡ್ಡು ಬಂದ ಮೇಲೆ ಜನರ ಶ್ರಮ ಕಡಿಮೆಯಾಯಿತು, ಅದರ ಜತೆಗೆ ಕಟ್ಟೆ ನಮ್ಮದು ಎಂಬ ಭಾವನೆಯೂ ಕಡಿಮೆಯಾಯಿತು. 1990ರ ದಶಕದಲ್ಲಿ ಸಿಗಡಿ ಕೃಷಿಯ ಅಲೆ ಎದ್ದಾಗ ನಮ್ಮ ಬ್ಲಾಕಿನ, ಎಂದರೆ ಒಂದೇ ಕಟ್ಟೆಯೊಳಗಿನ ಎಲ್ಲರ, ಭೂಮಿಯನ್ನು ಹೊರಗಿನ ಗುತ್ತಿಗೆದಾರರೊಬ್ಬರಿಗೆ ಕೊಟ್ಟೆವು. ಅವರು ಬಾಗಿಲನ್ನು ವರ್ಷವಿಡೀ ಉಪ್ಪುನೀರಿಗೆ ತೆರೆದಿಟ್ಟರು, ಕಟ್ಟೆಯ ಹೊರಗಿದ್ದ ಕಾಂಡ್ಲಾವನ್ನು ಕಡಿಸಿದರು. ಆ ದಶಕದ ಮಧ್ಯದಲ್ಲಿ ಕರಾವಳಿಯ ಸಿಗಡಿ ಹೊಂಡಗಳಿಗೆಲ್ಲ ಬಿಳಿಚುಕ್ಕೆ ರೋಗ ಬಂದಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮಗಳ ವಿರುದ್ಧ ತೀರ್ಪು ಕೊಟ್ಟಿತು. ಗುತ್ತಿಗೆದಾರರು ಬಿಟ್ಟು ಹೋದರು. 1998ರ ಮಳೆಗಾಲದಲ್ಲಿ ಕಟ್ಟೆ ಎರಡು ಕಡೆ ಒಡೆಯಿತು, ಅದನ್ನು ಕಟ್ಟಲು ಯಾರೂ ಮುಂದೆ ಬರಲಿಲ್ಲ. ಐದಾರು ವರ್ಷಗಳಲ್ಲಿ ಕಟ್ಟೆಯ ಈಚೆಗಿನ ಬಾವಿಗಳ ನೀರು ಸಪ್ಪೆಯುಪ್ಪಾಯಿತು, ದಂಡೆಯ ತೆಂಗಿನ ಮರಗಳ ಗರಿ ಹಳದಿಯಾಗಿ ಜೋತವು. ಗಜನಿ ಹಾಳಾದರೆ ಭತ್ತ ಮಾತ್ರ ಹೋಗುತ್ತದೆ ಎಂದುಕೊಂಡಿದ್ದ ನಮಗೆ ಕುಡಿಯುವ ನೀರೂ ಅದರ ಕಟ್ಟೆಯ ಆಸರೆಯಲ್ಲಿತ್ತು ಎಂಬುದು ಆಗ ಅರಿವಾಯಿತು.

2012ರ ಜನವರಿಯಲ್ಲಿ ಬ್ಲಾಕಿನ ಹದಿನಾಲ್ಕು ಮನೆಗಳವರು ಸೇರಿದೆವು. ಒಬ್ಬನ ಗದ್ದೆಗೆ ಮಾತ್ರ ಕಟ್ಟೆ ಹಾಕಲು ಬರುವುದಿಲ್ಲ. ಬಾಗಿಲು ಒಂದೇ, ನೀರಿನ ಮಟ್ಟ ಒಂದೇ. ಕೆಲವರು ವರ್ಷವಿಡೀ ಮೀನು ಬಿಡುವುದೇ ಲಾಭ ಎಂದರು, ಕೆಲವರು ಮುಂಬಯಿಯಲ್ಲಿದ್ದು ಪತ್ರಕ್ಕೂ ಉತ್ತರಿಸಲಿಲ್ಲ. ಮೂರು ತಿಂಗಳ ಮಾತುಕತೆಯ ಬಳಿಕ ಒಂದು ಕಟ್ಟುಪಾಡಿಗೆ ಬಂದೆವು: ಏಪ್ರಿಲ್ ಕೊನೆಯ ವಾರದಿಂದ ಭತ್ತದ ಕೊಯ್ಲು ಮುಗಿಯುವವರೆಗೆ ಬಾಗಿಲು ಭತ್ತದ ಕೈಯಲ್ಲಿ, ಉಳಿದ ಕಾಲ ಮೀನಿನ ಕೈಯಲ್ಲಿ. ಮೀನಿನ ಆದಾಯವನ್ನು ಭೂಮಿಯ ಅಳತೆಯಂತೆ ಹಂಚುವುದು, ಹಂಚುವ ಮೊದಲು ಹತ್ತರಲ್ಲಿ ಒಂದು ಪಾಲನ್ನು ಕಟ್ಟೆಯ ನಿಧಿಗೆ ತೆಗೆದಿಡುವುದು. ಪಾಳುಬಿದ್ದ ವರ್ಷಗಳಲ್ಲಿ ಬ್ಲಾಕಿನ ಮೂರರಲ್ಲೊಂದು ಭಾಗದಷ್ಟು ಒಳಗಡೆಯೇ ಕಾಂಡ್ಲಾ ಬೆಳೆದಿತ್ತು. ಅದನ್ನು ಕಡಿಯುವುದಕ್ಕೆ ಕಾನೂನೂ ಒಪ್ಪುವುದಿಲ್ಲ, ನನ್ನ ಮನಸ್ಸೂ ಒಪ್ಪಲಿಲ್ಲ. ಆ ಭಾಗವನ್ನು ನೀರಿಗೇ ಬಿಟ್ಟು, ಅದರ ಈಚೆಗೆ ಹೊಸ ಕಟ್ಟೆಯನ್ನು ಎಳೆದೆವು. ಜಮೀನು ಕಾಂಡ್ಲಾದೊಳಗೆ ಉಳಿದ ಇಬ್ಬರಿಗೆ ಮೀನಿನ ಪಾಲು ಪೂರ್ತಿ ಕೊಡುವುದೆಂದು ತೀರ್ಮಾನಿಸದೇ ಹೋಗಿದ್ದರೆ ಈ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಒಡೆದ ಜಾಗವನ್ನು ಕಟ್ಟಲು ದಿನ ಆರಿಸಿಕೊಳ್ಳುವುದು ಮುಖ್ಯ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ, ಎಂದರೆ ಉಬ್ಬರ, ಜೋರಾಗಿರುತ್ತದೆ. ಅಷ್ಟಮಿಯ ಹೊತ್ತಿಗೆ ನೀರಿನ ಏರಿಳಿತ ಕಡಿಮೆ. ಆದ್ದರಿಂದ ಸಪ್ತಮಿಯಿಂದ ದಶಮಿಯವರೆಗಿನ ನಾಲ್ಕು ದಿನಗಳಲ್ಲಿ ಇಳಿತದ ಹೊತ್ತು ನೋಡಿ ಕೆಲಸ ಮಾಡಿದೆವು. ಎರಡು ಸಾಲು ಬಿದಿರಿನ ಗೂಟ ಹೊಡೆದು, ನಡುವೆ ತೆಂಗಿನ ಗರಿ, ಹುಲ್ಲು, ಜೇಡಿ ಮಣ್ಣನ್ನು ಪದರ ಪದರವಾಗಿ ತುಳಿದು ತುಂಬಿಸಿದೆವು. ಕಟ್ಟೆ ನಿಂತ ಮೇಲೆ ಅದನ್ನು ಕಾಯುವ ಕೆಲಸ ಏಡಿಗಳ ಜತೆಗಿನ ಕೆಲಸ. ಭರತದ ಹೊತ್ತಿನಲ್ಲಿ ಕಟ್ಟೆಯ ಮೇಲೆ ನಿಧಾನವಾಗಿ ನಡೆಯುತ್ತ ಹೊರಬದಿಯ ನೀರನ್ನು ನೋಡಬೇಕು. ಎಲ್ಲಿಯಾದರೂ ಸಣ್ಣ ಸುಳಿ ತಿರುಗುತ್ತಿದ್ದರೆ, ಅಥವಾ ಒಳಬದಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ಅಲ್ಲಿ ಏಡಿ ಬಿಲ ಆರುಪಾರಾಗಿದೆ ಎಂದು ಅರ್ಥ. ಆಗಲೇ ಹಾರೆಯಿಂದ ಅಗಲ ಮಾಡಿ, ಒಣ ಹುಲ್ಲನ್ನು ಜೇಡಿಯಲ್ಲಿ ಕಲಸಿ ಉಂಡೆ ಮಾಡಿ, ಕೈ ಹೋಗುವಷ್ಟು ಒಳಗೆ ತುರುಕಿ ಕಾಲಿನಿಂದ ಮೆಟ್ಟಬೇಕು. ಬೆರಳ ಗಾತ್ರದ ತೂತು ಎಂದು ಒಂದು ದಿನ ಬಿಟ್ಟರೆ, ಮರುದಿನ ಅದರಲ್ಲಿ ಕೊಡ ತೂರುತ್ತದೆ.

ಮಣ್ಣಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿ ಹೇಳುತ್ತೇನೆ. ದೂರದಿಂದ ಮಣ್ಣು ತರಿಸುವ ಖರ್ಚನ್ನು ಉಳಿಸಲು ಗದ್ದೆಯ ಒಳಗೇ, ಹಿಂದೆ ಕಾಂಡ್ಲಾ ಇದ್ದ ಒಂದು ಮೂಲೆಯಲ್ಲಿ, ನಾಲ್ಕು ಅಡಿ ಆಳ ತೋಡಿ ಕಪ್ಪು ಕೆಸರನ್ನು ಕಟ್ಟೆಗೆ ಹಾಕಿಸಿದೆ. ಆ ಬೇಸಿಗೆಯಲ್ಲಿ ಹೊಂಡ ಒಣಗಿತು. ಮಳೆ ಬಿದ್ದ ಮೇಲೆ ಅಲ್ಲಿ ನಿಂತ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತು, ಸುತ್ತ ಹತ್ತು ಗುಂಟೆಯಲ್ಲಿ ಬಿತ್ತಿದ ಮೊಳಕೆ ಒಂದೂ ಉಳಿಯಲಿಲ್ಲ. ಉಪ್ಪೆಂದುಕೊಂಡು ನೀರನ್ನು ನೆಕ್ಕಿ ನೋಡಿದೆ. ಉಪ್ಪಿರಲಿಲ್ಲ, ಹುಣಸೆಯಂಥ ಹುಳಿ ಇತ್ತು. ಕೃಷಿ ವಿಜ್ಞಾನಿಯೊಬ್ಬರು ಕಾರಣವನ್ನು ತಿಳಿಸಿದರು. ಕಾಂಡ್ಲಾ ಕೆಸರಿನ ಆಳದಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ ಇರುತ್ತದೆ. ನೀರಿನ ಅಡಿಯಲ್ಲಿ ಇರುವ ತನಕ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಗಾಳಿ ತಾಗಿದರೆ ಗಂಧಕಾಮ್ಲವಾಗುತ್ತದೆ. ನಮ್ಮ ಹಿರಿಯರು ಗಜನಿಯನ್ನು ಆಳವಾಗಿ ಉಳದೆ, ಬೇಸಿಗೆಯಲ್ಲಿ ಮೇಲ್ಮೈ ಬಿರಿಯುವಷ್ಟು ಮಾತ್ರ ಒಣಗಿಸುತ್ತಿದ್ದುದರ ಹಿಂದಿನ ವಿವೇಕ ಅಂದು ನನಗೆ ಹೊಳೆಯಿತು. ಆ ಮೂಲೆಯನ್ನು ಸರಿಪಡಿಸಲು ನಾಲ್ಕು ಮಳೆಗಾಲ ಬೇಕಾಯಿತು: ಪ್ರತಿ ಜೂನ್‌ನಲ್ಲಿ ಮೊದಲ ಎರಡು ಮಳೆಯ ನೀರನ್ನು ಇಳಿತದಲ್ಲಿ ಪೂರ್ತಿ ಹೊರಗೆ ಬಿಟ್ಟು ತೊಳೆದೆವು, ಉಳಿದ ಕಾಲ ಹೊಂಡ ಒಣಗದಂತೆ ನೀರು ನಿಲ್ಲಿಸಿದೆವು. ಈಗ ಕಟ್ಟೆಗೆ ಗುಡ್ಡದ ಜಂಬಿಟ್ಟಿಗೆ ಮಣ್ಣನ್ನು ನಡುವೆ ತುಂಬಿ, ಹೊರಮೈಗೆ ಮಾತ್ರ ಜೇಡಿ ಮೆತ್ತುತ್ತೇವೆ.

ಜಂತ್ರ ಬಾಗಿಲಿನ ಹಳೆಯ ರಚನೆ ಬಹಳ ಸರಳ ಮತ್ತು ಬಹಳ ಜಾಣತನದ್ದು. ಮೇಲಿನಿಂದ ತೂಗುವ ಮರದ ಹಲಗೆ ಹೊರಮುಖವಾಗಿ ಮಾತ್ರ ತೆರೆಯುತ್ತದೆ. ಇಳಿತದಲ್ಲಿ ಒಳಗಿನ ನೀರು ಹಲಗೆಯನ್ನು ತಳ್ಳಿ ಹೊರಗೆ ಹೋಗುತ್ತದೆ; ಭರತದಲ್ಲಿ ಹೊರಗಿನ ನೀರೇ ಹಲಗೆಯನ್ನು ಒತ್ತಿ ಮುಚ್ಚುತ್ತದೆ. ಮಧ್ಯರಾತ್ರಿಯ ಭರತಕ್ಕೂ ಯಾರೂ ಎದ್ದು ಹೋಗಬೇಕಾಗಿಲ್ಲ. ಕಬ್ಬಿಣದ ಗೇಟು ಹಾಕಿಸಿ ಎಂದು ಹಲವರು ಸಲಹೆ ಕೊಟ್ಟರು. ಉಪ್ಪುಗಾಳಿಗೆ ಕಬ್ಬಿಣ ಎಷ್ಟು ದಿನ ಬಾಳುತ್ತದೆ ಎಂಬುದನ್ನು ನೆರೆಯ ಬ್ಲಾಕಿನಲ್ಲಿ ನೋಡಿದ್ದ ನಾನು ಮರದ ಹಲಗೆಯನ್ನೇ ಉಳಿಸಿಕೊಂಡೆ. ಅದರ ಮುಂದೆ ಕಲ್ಲಿನಲ್ಲಿ ಕೊರೆದ ಸೀಳಿನೊಳಗೆ ಒಂದರ ಮೇಲೊಂದು ಇಳಿಸುವ ಅಡ್ಡ ಹಲಗೆಗಳನ್ನು ಸೇರಿಸಿದೆ. ಇದರಿಂದ ಒಳಗಿನ ನೀರಿನ ಮಟ್ಟವನ್ನು ಗೇಣಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮಾಡಲು ಬರುತ್ತದೆ.

ಭತ್ತದ ಕೆಲಸ ಏಪ್ರಿಲ್ ಕೊನೆಗೆ ಆರಂಭವಾಗುತ್ತದೆ. ಇಳಿತದಲ್ಲಿ ನೀರು ಬಸಿದು, ಭರತವನ್ನು ಹೊರಗಿಟ್ಟು, ಗದ್ದೆಯನ್ನು ಬಿರಿಯಲು ಬಿಡುತ್ತೇವೆ. ಬಿರುಕಿನ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ. ಜೂನ್ ಮೊದಲ ವಾರದ ಮಳೆ ಆ ಉಪ್ಪನ್ನು ಕರಗಿಸಿ ತೊಳೆಯಬೇಕು. ಕಗ್ಗ ಉಪ್ಪನ್ನು ತಾಳುವ ತಳಿ ಎಂಬುದು ನಿಜವಾದರೂ, ಮೊಳಕೆಯ ಹಂತದಲ್ಲಿಯೂ ಹೂ ಬಿಡುವ ಹಂತದಲ್ಲಿಯೂ ಅದು ಎಳೆಗೂಸಿನಷ್ಟೇ ಸೂಕ್ಷ್ಮ. ಮೊದಲ ವರ್ಷ ಆತುರದಿಂದ ಎರಡೇ ಮಳೆಗೆ ಬಿತ್ತಲು ಹೊರಟಿದ್ದೆ. ಪಕ್ಕದ ಮನೆಯ ಅಜ್ಜಿ ಗದ್ದೆಗೆ ಇಳಿದು, ಬೊಗಸೆಯಲ್ಲಿ ನೀರು ತೆಗೆದು, ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿ, "ಇಲ್ಲ ತಮಾ, ಇನ್ನೊಂದು ದೊಡ್ಡ ಮಳೆ ಬೇಕು" ಎಂದರು. ಆಮೇಲೆ ಲವಣಾಂಶ ಅಳೆಯುವ ಉಪಕರಣವನ್ನು ಕೊಂಡೆ. ಅಜ್ಜಿ ಬೇಡ ಎಂದ ನೀರಿನಲ್ಲಿ ಲೀಟರಿಗೆ ಆರೇಳು ಗ್ರಾಂ ಉಪ್ಪು, ಆಗಬಹುದು ಎಂದ ನೀರಿನಲ್ಲಿ ಎರಡಕ್ಕಿಂತ ಕಡಿಮೆ ಬರುತ್ತಿತ್ತು. ನಾನು ಇಂದಿಗೂ ಎರಡನ್ನೂ ಬಳಸುತ್ತೇನೆ. ಉಪಕರಣ ಅಂಕಿಯನ್ನು ತೋರಿಸುತ್ತದೆ. ಹುಳಿ ಇದೆಯೋ ಎಂಬುದು ನಾಲಿಗೆಗೇ ಗೊತ್ತಾಗಬೇಕು.

ಬೀಜವನ್ನು ಹುಲ್ಲಿನ ಮುಡೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತೇವೆ. ಬಿತ್ತುವ ನಾಲ್ಕು ದಿನ ಮೊದಲು ಮುಡೆಯನ್ನೇ ಸಿಹಿನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿ, ಆಮೇಲೆ ತೆಗೆದು ನೆರಳಿನಲ್ಲಿ ಕಲ್ಲಿನ ಭಾರ ಹೇರಿ ಇಡಬೇಕು. ಮೂರನೆಯ ದಿನ ಮುಡೆಯೊಳಗೆ ಕೈ ಹಾಕಿದರೆ ಬಿಸಿ ತಗಲುತ್ತದೆ, ಮೊಳಕೆ ಅಕ್ಕಿಕಾಳಿನಷ್ಟು ಉದ್ದ ಬಂದಿರುತ್ತದೆ. ಇನ್ನೂ ಒಂದು ದಿನ ಬಿಟ್ಟರೆ ಬೇರುಗಳು ಹೆಣೆದುಕೊಂಡು, ಬಿಡಿಸುವಾಗ ಮುರಿಯುತ್ತವೆ. ಗದ್ದೆಯಲ್ಲಿ ಪಾದ ಮುಳುಗುವಷ್ಟು ನೀರಿರುವಾಗ ಎರಚಿ ಬಿತ್ತಿದರೆ ಮುಗಿಯಿತು, ಗೊಬ್ಬರವಿಲ್ಲ, ಔಷಧವಿಲ್ಲ. ಮೀನಿನ ಕಾಲದಲ್ಲಿ ಕೊಳೆತ ಭತ್ತದ ಕಾಂಡ, ಮೀನು ಶೆಟ್ಲಿಗಳ ಹಿಕ್ಕೆ, ನದಿ ತಂದ ಹೂಳು ಇವೇ ಗೊಬ್ಬರ. ಆಳೆತ್ತರದ ಹತ್ತಿರಕ್ಕೆ ಬೆಳೆಯುವ ಕಗ್ಗ ಅಕ್ಟೋಬರ್ ಕೊನೆಗೆ ಕೊಯ್ಲಿಗೆ ಬರುತ್ತದೆ. ನಾವು ತೆನೆಯ ಭಾಗವನ್ನು ಮಾತ್ರ ಕೊಯ್ದು ಕಾಂಡವನ್ನು ನೀರಿಗೇ ಬಿಡುತ್ತೇವೆ, ಅದು ಮುಂದೆ ಶೆಟ್ಲಿ ಮರಿಗಳ ಅಡಗುತಾಣವೂ ಆಹಾರವೂ ಆಗುತ್ತದೆ. ಎಕರೆಗೆ ಏಳೆಂಟು ಕ್ವಿಂಟಾಲ್ ನನಗೆ ಸಿಕ್ಕ ಸಾಮಾನ್ಯ ಇಳುವರಿ. ಭತ್ತವನ್ನೊಂದೇ ಲೆಕ್ಕ ಹಾಕಿದರೆ ಇದು ಲಾಭದ ಬೇಸಾಯ ಅಲ್ಲ. ಭತ್ತವಿಲ್ಲದೆ ಮೀನಿನ ಆದಾಯ ಎರಡು ಮೂರು ವರ್ಷಗಳಲ್ಲಿ ಕುಸಿಯುವುದನ್ನು ನೆರೆಹೊರೆಯಲ್ಲಿ ಕಂಡ ಮೇಲೆ, ನಾನು ಭತ್ತವನ್ನು ನೀರನ್ನು ಶುದ್ಧವಾಗಿಡುವ ಖರ್ಚು ಎಂದು ಪರಿಗಣಿಸುತ್ತೇನೆ, ಜತೆಗೆ ಮನೆಗೆ ಕೆಂಪಕ್ಕಿ ದೊರೆಯುತ್ತದೆ.

2019ರ ಆಗಸ್ಟ್‌ನ ನೆರೆಯಲ್ಲಿ ಗದ್ದೆ ಎಂಟು ದಿನ ಮುಳುಗಿತ್ತು. ನೀರು ಇಳಿದಾಗ ಕೆಸರು ಮೆತ್ತಿದ ಎಲೆಗಳು ಮಲಗಿದ್ದವು, ಹತ್ತು ದಿನಗಳಲ್ಲಿ ಮುಕ್ಕಾಲು ಭಾಗ ಮತ್ತೆ ಎದ್ದು ನಿಂತಿತು. ಮೇಲಿನ ಗದ್ದೆಯಲ್ಲಿ ಹಾಕಿದ್ದ ಸುಧಾರಿತ ತಳಿ ಕೊಳೆತು ಹೋಗಿತ್ತು. ಆದರೆ ಅದೇ ನೆರೆಯಲ್ಲಿ ಕಟ್ಟೆಯ ಒಂದು ಭಾಗ ಕುಸಿಯಿತು. ಕುಸಿದದ್ದು ಹೊರಗೆ ಕಾಂಡ್ಲಾ ಇಲ್ಲದ ಬರಿಯ ಭಾಗ. ಕಾಂಡ್ಲಾದ ಹಿಂದಿದ್ದ ಕಟ್ಟೆಯಿಂದ ಒಂದು ಹೆಡಿಗೆ ಮಣ್ಣೂ ಹೋಗಿರಲಿಲ್ಲ.

ಆ ಬರಿಯ ಭಾಗದಲ್ಲಿ ಕಾಂಡ್ಲಾ ನೆಡಲು ನಾನು 2014ರಲ್ಲಿಯೇ ಪ್ರಯತ್ನಿಸಿದ್ದೆ. ಊರುಗಾಲು ಬೇರಿನ ರೈಜೋಫೊರಾ ಕಾಂಡ್ಲಾದ, ಮರದಲ್ಲೇ ಮೊಳೆತ ಕೋಡುಗಳನ್ನು ಐದುನೂರು ತಂದು, ಅಲೆ ಮೊದಲು ತಾಗುವುದು ಇಲ್ಲಿಯೇ ಅಲ್ಲವೇ ಎಂದುಕೊಂಡು, ನೀರಿನಂಚಿನ ತಗ್ಗು ಕೆಸರಿನಲ್ಲಿ ನೆಟ್ಟೆ. ಆ ಜಾಗ ದಿನದ ಹೆಚ್ಚು ಹೊತ್ತು ನೀರಿನಲ್ಲಿಯೇ ಮುಳುಗಿರುತ್ತಿತ್ತು. ಮಾರ್ಚ್ ಹೊತ್ತಿಗೆ ಕೋಡುಗಳ ಮೈಗೆ ಬಿಳಿಯ ಚಿಪ್ಪುಹುಳುಗಳು ದಪ್ಪವಾಗಿ ಅಂಟಿ, ಗಿಡ ಭಾರಕ್ಕೆ ಬಾಗಿ ಸತ್ತಿತು. ಎರಡನೆಯ ಸಲ ನೆಡುವ ಮೊದಲು ಒಂದು ಇಡೀ ವರ್ಷ ಸುಮ್ಮನೆ ನೋಡಿದೆ: ತಾನಾಗಿ ಹುಟ್ಟಿದ ಸಸಿಗಳು ಎಲ್ಲಿವೆ, ಅಲ್ಲಿ ಭರತದ ನೀರು ಎಷ್ಟು ಹೊತ್ತು ನಿಲ್ಲುತ್ತದೆ. ಅವು ಇದ್ದದ್ದು ಭರತದ ನಡುಮಟ್ಟಕ್ಕಿಂತ ಮೇಲೆ. ಅಲ್ಲಿ ಮುಂದಿನ ಸಾಲಿಗೆ ಪೆನ್ಸಿಲ್‌ನಂತೆ ಉಸಿರಾಟದ ಬೇರು ಎಬ್ಬಿಸುವ ಅವಿಸೆನ್ನಿಯಾ, ಸೊನ್ನೆರೇಷಿಯಾ ಸಸಿಗಳನ್ನೂ, ಹಿಂದಿನ ಸಾಲಿಗೆ ರೈಜೋಫೊರಾವನ್ನೂ ಒಂದೊಂದು ಮೀಟರ್ ಅಂತರದಲ್ಲಿ ನೆಟ್ಟೆ. ಕೋಡು ಮರದಿಂದ ಸುಲಭವಾಗಿ ಕಳಚಿ ಬರಬೇಕು, ಅದರ ಕುತ್ತಿಗೆಯಲ್ಲಿ ಹಳದಿಯ ಉಂಗುರ ಕಾಣಬೇಕು. ಎಳೆದು ಕಿತ್ತದ್ದು ಬೇರೂರುವುದಿಲ್ಲ. ಮೂರರಲ್ಲೊಂದು ಭಾಗ ಕೆಸರಿಗೆ ಇಳಿದರೆ ಸಾಕು. 2019ರ ನೆರೆ ಬರುವಾಗ ಈ ಗಿಡಗಳು ಇನ್ನೂ ಸೊಂಟದೆತ್ತರ ಇದ್ದು, ಕುಸಿದ ಭಾಗವನ್ನು ಮುಟ್ಟುವಷ್ಟು ಹರಡಿರಲಿಲ್ಲ. ಈಗ ಅವು ನನ್ನ ತಲೆಯ ಮೇಲೆ ನೆರಳು ಮಾಡುತ್ತವೆ, ಬೇರುಗಳ ನಡುವೆ ಹೂಳು ನಿಂತು ಕಟ್ಟೆಯ ಬುಡ ತಾನಾಗಿ ಎತ್ತರವಾಗುತ್ತಿದೆ.

ಮೀನಿನ ಕಾಲದಲ್ಲಿ ಮಾಡಿದ ದೊಡ್ಡ ಬದಲಾವಣೆ ಬಲೆಯ ಕಣ್ಣಿನದು. ಭರತದೊಂದಿಗೆ ಶೆಟ್ಲಿ, ನೊಗ್ಲಿ ಮೀನು, ಏಡಿಗಳ ಮರಿಗಳು ತಾವಾಗಿಯೇ ಒಳಗೆ ಬರುತ್ತವೆ, ಹೊರಗಿನಿಂದ ತಂದು ಬಿಡುವ ಅಗತ್ಯವಿಲ್ಲ. ಇಳಿತದ ರಾತ್ರಿ ಬಾಗಿಲಿಗೆ ಚೀಲದಂಥ ಬಲೆ ಕಟ್ಟಿದಾಗ ಮೊದಲ ಎರಡು ವರ್ಷ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ ಬಳಸಿದೆವು. ಬುಟ್ಟಿ ತುಂಬುತ್ತಿತ್ತು, ಅರ್ಧಕ್ಕಿಂತ ಹೆಚ್ಚು ಮರಿಗಳೇ ಇದ್ದು ಮಾರಾಟಕ್ಕೆ ಬಾರದೆ ತೆಂಗಿನ ಬುಡ ಸೇರುತ್ತಿದ್ದವು. ಬೆರಳು ತೂರುವ ಕಣ್ಣಿನ ಬಲೆಗೆ ಬದಲಾದ ವರ್ಷ ಆದಾಯ ಇಳಿದು, ಸಭೆಯಲ್ಲಿ ನನ್ನ ಮೇಲೆ ಬೇಸರದ ಮಾತುಗಳು ಬಂದವು. ಮರುವರ್ಷ ಅದೇ ತೂಕಕ್ಕೆ ದೊಡ್ಡ ಶೆಟ್ಲಿ ಸಿಕ್ಕು ದರ ಹೆಚ್ಚಾದಾಗ ಆ ವಾದ ಮತ್ತೆ ಏಳಲಿಲ್ಲ. ಗಂಡಸರ ಬಲೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹತ್ತು ದಿನ ಭೂಮಿಯಿಲ್ಲದ ಮನೆಗಳ ಹೆಂಗಸರು ಕೈಯಿಂದ ಹಿಡಿಯುವ ಹಳೆಯ ಹಕ್ಕನ್ನೂ ಉಳಿಸಿಕೊಂಡಿದ್ದೇವೆ. ಭೂಮಿ ನಮ್ಮದಾದರೂ ನೀರು ಎಲ್ಲರದು ಎಂಬ ಈ ಪದ್ಧತಿಯನ್ನು ಕೈಬಿಟ್ಟಿದ್ದರೆ ರಾತ್ರಿ ಕಟ್ಟೆ ಕಾಯುವವರು ನಮಗೆ ಸಿಗುತ್ತಿರಲಿಲ್ಲ.

ಕಟ್ಟೆಯ ಹೊರಗಿನ ಬಳಚಿನ ದಿಬ್ಬಗಳು ನಮ್ಮ ಹಿಡಿತದಲ್ಲಿಲ್ಲ, ಆದರೂ ಅವುಗಳ ಬಗೆಗೆ ಹೇಳದೆ ಈ ಅನುಭವ ಪೂರ್ಣವಾಗುವುದಿಲ್ಲ. ಇಳಿತದಲ್ಲಿ ಎದೆಮಟ್ಟದ ನೀರಿಗೆ ಇಳಿದು ಕಾಲಿನಿಂದ ತಡವಿ ಬಳಚು ಹೆಕ್ಕುವ ಹೆಂಗಸರ ಸಂಪಾದನೆ ಅನೇಕ ಮನೆಗಳ ದಿನದ ಖರ್ಚನ್ನು ನಡೆಸುತ್ತದೆ. ಬಳಚು ನೀರನ್ನು ಸೋಸಿ ಬದುಕುವ ಜೀವಿ, ಸಿಹಿನೀರು ಬಹಳ ದಿನ ನಿಂತರೂ, ಹೂಳು ಮುಚ್ಚಿದರೂ ಸಾಯುತ್ತದೆ. ಸತ್ತ ಚಿಪ್ಪನ್ನು ಸುಣ್ಣಕ್ಕಾಗಿ ಯಂತ್ರದಿಂದ ಬಾಚಿದರೆ ಮರಿಗಳು ನೆಲೆಯೂರುವ ನೆಲವೇ ಹೋಗುತ್ತದೆ. ಕೇರಳದ ಅಷ್ಟಮುಡಿಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬಳಚು ತೆಗೆಯುವುದನ್ನು ನಿಲ್ಲಿಸುತ್ತಾರೆ, ಎಳೆಯ ಬಳಚನ್ನು ಜಾಲರಿಯಿಂದ ಬೇರ್ಪಡಿಸುತ್ತಾರೆ. ಆ ಮೀನುಗಾರಿಕೆಗೆ 2014ರಲ್ಲಿ ಸುಸ್ಥಿರತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ದೊರೆಯಿತು. ಇದನ್ನು ನಮ್ಮ ಹೆಂಗಸರ ಮುಂದಿಟ್ಟಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು: ಮೂರು ತಿಂಗಳು ಏನು ತಿನ್ನುವುದು? ಹಾಗಾಗಿ ಪೂರ್ತಿ ನಿಲ್ಲಿಸುವ ಬದಲು, ಒಂದು ದಿಬ್ಬವನ್ನು ಒಂದು ವರ್ಷ ಬಿಟ್ಟು ಇನ್ನೊಂದರಲ್ಲಿ ತೆಗೆಯುವ ಸರದಿಯನ್ನು ಅವರೇ ರೂಪಿಸಿಕೊಂಡರು. ಬಿದಿರಿನ ಜರಡಿಯಲ್ಲಿ ಸೋಸಿ ಎಳೆಯದನ್ನು ಅಲ್ಲೇ ನೀರಿಗೆ ಬಿಡುತ್ತಾರೆ. ಬೇರೆ ಊರಿನ ದೋಣಿಗಳು ಬಂದಾಗ ಸರದಿ ಮುರಿಯುತ್ತದೆ, ಇದಕ್ಕೆ ಇನ್ನೂ ಪರಿಹಾರ ಕಂಡಿಲ್ಲ.

ತದಡಿಯಲ್ಲಿ 4000 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಈ ಅಳಿವೆಯ ಜನ ಒಟ್ಟಾಗಿ ವಿರೋಧಿಸಿ ಉಳಿಸಿಕೊಂಡ ನೀರಿದು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ನನಗೆ ಬಹಳ ಸಂತೋಷವಾಯಿತು. ಊರಿನಲ್ಲಿ ಹಲವರಿಗೆ ಇನ್ನು ಕಟ್ಟೆ ಮುಟ್ಟಲೂ ಪರವಾನಗಿ ಬೇಕಾದೀತು ಎಂಬ ಭಯ ಹುಟ್ಟಿತು. ರಾಮ್ಸರ್ ಒಪ್ಪಂದದ ಮೂಲತತ್ವವೇ ಜೌಗು ಪ್ರದೇಶದ ವಿವೇಕಯುತ ಬಳಕೆ ಎಂಬುದನ್ನು ನಾನು ಪ್ರತಿ ಸಭೆಯಲ್ಲಿಯೂ ಹೇಳುತ್ತ ಬಂದಿದ್ದೇನೆ. ಅಳಿವೆಗೆ ನಿರ್ವಹಣಾ ಯೋಜನೆ ಬರೆಯುವವರು ಹಕ್ಕಿ ಮತ್ತು ಕಾಂಡ್ಲಾದ ಪಟ್ಟಿಯೊಂದಿಗೆ ಗಜನಿಯ ಬಾಗಿಲುಗಳ ಪಟ್ಟಿಯನ್ನೂ ಮಾಡಬೇಕು ಎಂಬುದು ನನ್ನ ಬೇಡಿಕೆ. ಯಾವ ಬಾಗಿಲನ್ನು ಯಾರು, ಯಾವ ತಿಂಗಳಲ್ಲಿ, ಯಾರ ಒಪ್ಪಿಗೆಯಿಂದ ತೆಗೆಯುತ್ತಾರೆ ಎಂಬುದು ದಾಖಲಾಗದಿದ್ದರೆ ಒಳಗಿನ ನೀರು ಮತ್ತೆ ಗುತ್ತಿಗೆಯ ಕೈಗೆ ಹೋಗಲು ಒಂದೇ ವರ್ಷ ಸಾಕು.

ನಮ್ಮ ಹದಿನಾಲ್ಕು ಮನೆಗಳಲ್ಲಿ ಈಗ ಹನ್ನೊಂದು ಕಗ್ಗ ಬಿತ್ತುತ್ತಿವೆ. ಮೂರು ಮನೆಗಳಲ್ಲಿ ಕೆಸರಿಗೆ ಇಳಿಯುವವರು ಇಲ್ಲ, ಅವರ ಭಾಗವನ್ನು ನಾವು ಪಾಲಿಗೆ ಮಾಡುತ್ತೇವೆ. ಕಟ್ಟೆಯ ನಿಧಿಯಿಂದ ಕಳೆದ ಬೇಸಿಗೆಯಲ್ಲಿ ಜಂತ್ರ ಬಾಗಿಲಿನ ಕೆಳಗಿನ ಎರಡು ಅಡ್ಡ ಹಲಗೆಗಳನ್ನು ಬದಲಿಸಿದೆವು. ತೆಗೆದ ಹಲಗೆಗಳ ಅಂಚನ್ನು ಮರ ಕೊರೆಯುವ ಕಡಲ ಹುಳುಗಳು ತಿಂದು ಜರಡಿ ಮಾಡಿದ್ದವು, ಆದರೆ ನಡುವಿನ ಮರ ಗಟ್ಟಿಯಾಗಿಯೇ ಇತ್ತು. ಅದನ್ನು ಕೊಯ್ಸಿ, ಮುಡೆಗಳನ್ನು ಇಡಲು ಅಟ್ಟಕ್ಕೆ ಮಣೆ ಮಾಡಿಸಿದ್ದೇನೆ.